ಗೋಲಿ ಸೋಡಾದಿಂದ ಎನರ್ಜಿ ಡ್ರಿಂಕ್‌ವರೆಗೆ: ಗ್ಯಾಸ್ ನೀರು ನಮ್ಮ ನಿದ್ದೆಗೆ ಕೈ ಹಾಕಿದ ಕಥೆ

ಇವತ್ತು ಯಾವ ಊರಿನ ಬಸ್ ಸ್ಟ್ಯಾಂಡಿಗೆ ಹೋದರೂ ಪಕ್ಕದ ಅಂಗಡಿಯಲ್ಲಿ ಗಾಜಿನ ಬಾಗಿಲಿನ ಒಂದು ಫ್ರಿಜ್ ಕಾಣುತ್ತದೆ. ಮೇಲಿನ ಸಾಲಿನಲ್ಲಿ ನೀರಿನ ಬಾಟಲಿ, ನಡುವೆ ಕಪ್ಪು, ಕಿತ್ತಳೆ, ಹಸಿರು ಬಣ್ಣದ ಕೂಲ್ ಡ್ರಿಂಕ್ಸ್, ಕೆಳಗೆ ಸಣ್ಣ ಬಾಟಲಿಯ ಎನರ್ಜಿ ಡ್ರಿಂಕ್. ಹತ್ತು ಇಪ್ಪತ್ತು ರೂಪಾಯಿ ಕೊಟ್ಟರೆ ಸಾಕು. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬರುತ್ತದೆ ಎಂದು ಗದ್ದೆಗೆ ಹೋಗುವವರು, ಕಬ್ಬಿನ ಲೋಡ್ ಹೊಡೆಯುವ ಚಾಲಕರು, ಪರೀಕ್ಷೆ ಹತ್ತಿರ ಬಂತೆಂದು ಓದಲು ಕೂರುವ ಮಕ್ಕಳು, ಎಲ್ಲರೂ ಈ ಫ್ರಿಜ್‌ನ ಗಿರಾಕಿಗಳೇ.

ಸುದ್ದಿಗಾಗಿ ಹಳ್ಳಿ ಹಳ್ಳಿ ತಿರುಗುವ ನಮಗೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. “ಇದನ್ನು ಕುಡಿದರೆ ನಿದ್ದೆ ಹೋಗುತ್ತದೆ ಅಂತಾರಲ್ಲ, ನಿಜವಾ?” ಕೇಳುವವರಲ್ಲಿ ಎರಡು ಬಗೆ. ನಿದ್ದೆ ಹೋಗಲಿ ಎಂದೇ ಕುಡಿಯುವವರು ಒಂದು ಬಗೆ. ನಿದ್ದೆ ಬರುತ್ತಿಲ್ಲ, ಯಾಕೆ ಎಂದು ಗೊತ್ತಾಗುತ್ತಿಲ್ಲ ಎನ್ನುವವರು ಇನ್ನೊಂದು ಬಗೆ. ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾದರೆ ಸುಮಾರು ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು. ಯಾಕೆಂದರೆ ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಒಂದು ಕೋರ್ಟಿನಲ್ಲಿ ಇದರ ಬಗ್ಗೆ ದೊಡ್ಡ ವಿಚಾರಣೆಯೇ ನಡೆದಿತ್ತು.

ಬಿಯರ್ ತೊಟ್ಟಿಯ ಮೇಲಿನ ಗಾಳಿ

1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿಗೆ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಂದರು. ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಜಾಗ. ಹುಳಿ ಬರುತ್ತಿದ್ದ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ನಿಲ್ಲುವುದನ್ನು ಅವರು ಗಮನಿಸಿದರು. ಉರಿಯುವ ಕಡ್ಡಿಯನ್ನು ಅಲ್ಲಿ ಹಿಡಿದರೆ ಆರಿಹೋಗುತ್ತಿತ್ತು. ಆ ಗಾಳಿಯಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ನೋಡಿದರು. ನೀರಿಗೆ ಸಣ್ಣ ಹುಳಿ, ನಾಲಿಗೆಗೆ ಚುರುಕು. ಇಂದು ನಾವು ಕಾರ್ಬನ್ ಡೈಆಕ್ಸೈಡ್ ಎನ್ನುವ ಗಾಳಿ ಅದು.

1772ರಲ್ಲಿ ಇದನ್ನು ಮಾಡುವ ವಿಧಾನವನ್ನು ಅವರು ಪುಸ್ತಿಕೆಯಾಗಿ ಅಚ್ಚು ಹಾಕಿಸಿದರು. ಹಡಗಿನಲ್ಲಿ ತಿಂಗಳುಗಟ್ಟಲೆ ಇರುವ ನಾವಿಕರಿಗೆ ವಸಡು ಕೊಳೆಯುವ ಸ್ಕರ್ವಿ ರೋಗ ಬರುತ್ತಿತ್ತು. ಈ ನೀರು ಅದನ್ನು ತಡೆಯಬಹುದು ಎಂಬ ಆಸೆ ಅವರಿಗಿತ್ತು. ಅದು ಫಲಿಸಲಿಲ್ಲ. ಸ್ಕರ್ವಿ ಬರುವುದು ವಿಟಮಿನ್ ಸಿ ಕೊರತೆಯಿಂದ, ಗ್ಯಾಸಿನಲ್ಲಿ ಅದೇನೂ ಇಲ್ಲ. ಆದರೆ ಗ್ಯಾಸ್ ನೀರು ಔಷಧ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿ ಉಳಿಯಿತು. ಜಿನೀವಾದಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಯಾಕೋಬ್ ಶ್ವೆಪ್ 1783ರಲ್ಲಿ ಇದನ್ನೇ ವ್ಯಾಪಾರ ಮಾಡಿಕೊಂಡರು. 1792ರಲ್ಲಿ ಲಂಡನ್ನಿಗೂ ಬಂದರು. ಶ್ವೆಪ್ಸ್ ಎಂಬ ಹೆಸರು ಇಂದಿಗೂ ಬಾಟಲಿಗಳ ಮೇಲಿದೆ.

ಇಲ್ಲಿಯವರೆಗೆ ನಿದ್ದೆಯ ಮಾತೇ ಇಲ್ಲ. ನೀರು ಮತ್ತು ಗ್ಯಾಸ್, ಅಷ್ಟೇ. ಹೊಟ್ಟೆ ಉಬ್ಬರಕ್ಕೆ, ಅಜೀರ್ಣಕ್ಕೆ ಒಂದು ಗ್ಲಾಸ್ ಕುಡಿಯುವುದು, ತೇಗು ಬಂದರೆ ಹಗುರವಾಯಿತು ಎನ್ನುವುದು. ನಮ್ಮ ಹಿರಿಯರು ಮದುವೆ ಊಟ ಜಾಸ್ತಿಯಾದರೆ ಸೋಡಾ ತರಿಸುತ್ತಿದ್ದದ್ದೂ ಇದೇ ನಂಬಿಕೆಯಿಂದ.

ಗೋಲಿ ಬಂತು

ಗ್ಯಾಸ್ ನೀರಿಗೆ ಒಂದು ತೊಂದರೆ ಇತ್ತು. ಬಿರಡೆ ಸರಿಯಾಗಿ ಕೂರದಿದ್ದರೆ ಗ್ಯಾಸ್ ಹೋಗಿಬಿಡುತ್ತಿತ್ತು. ಇದಕ್ಕೆ ದಾರಿ ಕಂಡುಹಿಡಿದವರು ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1870ರ ದಶಕದ ಮೊದಲ ವರ್ಷಗಳಲ್ಲಿ ಅವರು ಬಾಟಲಿಯ ಕತ್ತಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಹತ್ತಿರ ಒಂದು ರಬ್ಬರ್ ಬಳೆ ಇಟ್ಟು ಪೇಟೆಂಟ್ ಪಡೆದರು. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬಿದರೆ ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ.

ಆ ಬಾಟಲಿ ಬ್ರಿಟಿಷರ ಕಾಲದಲ್ಲಿ ನಮ್ಮ ದೇಶಕ್ಕೆ ಬಂದು ಗೋಲಿ ಸೋಡಾ ಆಯಿತು. ಹೆಬ್ಬೆರಳಿನಿಂದ ಒತ್ತಿ “ಟಪ್” ಎನ್ನಿಸಿ ಕೊಡುವ ಅಂಗಡಿಯವರ ಕೈಚಳಕ, ಜಾತ್ರೆಯ ಗಾಡಿ, ನಿಂಬೆಹಣ್ಣು ಉಪ್ಪು ಹಾಕಿದ ಸೋಡಾ ಷರಬತ್ತು, ನಲವತ್ತು ದಾಟಿದವರಿಗೆಲ್ಲ ನೆನಪಿರುತ್ತದೆ. ಆ ಸೋಡಾದಲ್ಲೂ ನಿದ್ದೆ ಕದಿಯುವ ವಸ್ತು ಇರಲಿಲ್ಲ. ಅದು ಬಂದದ್ದು ಬೇರೆ ದಾರಿಯಿಂದ.

ಕೆಫೀನ್ ಒಳಗೆ ಬಂದ ಬಗೆ

1819ರಲ್ಲಿ ಜರ್ಮನಿಯಲ್ಲಿ ಫ್ರೀಡ್ಲೀಬ್ ರುಂಗೆ ಎಂಬ ಯುವ ರಸಾಯನಶಾಸ್ತ್ರಜ್ಞ ಕಾಫಿ ಬೀಜದಿಂದ ಬಿಳಿ ಪುಡಿಯೊಂದನ್ನು ಬೇರ್ಪಡಿಸಿದರು. ಆ ಬೀಜಗಳನ್ನು ಅವರ ಕೈಗೆ ಕೊಟ್ಟು ಪರೀಕ್ಷಿಸು ಎಂದವರು ಪ್ರಸಿದ್ಧ ಕವಿ ಗಯಟೆ. ಆ ಪುಡಿಯೇ ಕೆಫೀನ್. ಕಾಫಿ ಕುಡಿದರೆ ನಿದ್ದೆ ಹಾರುತ್ತದೆ ಎಂಬುದು ಅರಬರಿಗೂ, ನಮ್ಮ ಬಾಬಾಬುಡನ್‌ಗಿರಿಯ ಸುತ್ತಲಿನವರಿಗೂ ಅದಕ್ಕೂ ಮೊದಲೇ ಗೊತ್ತಿತ್ತು. ಕಾರಣ ಏನೆಂದು ಹೆಸರಿಟ್ಟು ಹೇಳಲು ಸಾಧ್ಯವಾದದ್ದು ಈಗ.

ಮುಂದೆ 1886. ಅಮೆರಿಕದ ಅಟ್ಲಾಂಟಾ ನಗರ. ಅಂತರ್ಯುದ್ಧದಲ್ಲಿ ಗಾಯಗೊಂಡು ಮಾರ್ಫಿನ್ ಚಟಕ್ಕೆ ಬಿದ್ದಿದ್ದ ಜಾನ್ ಪೆಂಬರ್ಟನ್ ಎಂಬ ಔಷಧ ವ್ಯಾಪಾರಿ ಕೋಕಾ ಎಲೆ ಹಾಕಿದ ವೈನ್ ಒಂದನ್ನು ಮಾರುತ್ತಿದ್ದರು. ನಗರದಲ್ಲಿ ಮದ್ಯ ನಿಷೇಧ ಬಂತು. ವೈನ್ ಬಿಟ್ಟು ಸಕ್ಕರೆ ಪಾಕ ಮಾಡಿದರು. ಅದನ್ನು ಗ್ಯಾಸ್ ನೀರಿಗೆ ಬೆರೆಸಿ ಔಷಧ ಅಂಗಡಿಯಲ್ಲಿ ಗ್ಲಾಸಿಗೆ 5 ಸೆಂಟ್‌ನಂತೆ ಮಾರಿದರು. ಕೋಕಾ ಎಲೆ, ಆಫ್ರಿಕಾದ ಕೋಲಾ ಬೀಜ, ಎರಡರ ಹೆಸರೂ ಸೇರಿ ಕೋಕಾ-ಕೋಲಾ. ತಲೆನೋವು ಹೋಗುತ್ತದೆ, ದಣಿವು ಹೋಗುತ್ತದೆ ಎಂಬುದೇ ಅದರ ಜಾಹೀರಾತು. ದಣಿವು ಹೋಗುವಂತೆ ಮಾಡುತ್ತಿದ್ದ ಮುಖ್ಯ ವಸ್ತು ಕೆಫೀನ್.

ನಲವತ್ತು ಪೀಪಾಯಿಗಳ ಮೇಲೆ ಕೇಸು

1906ರಲ್ಲಿ ಅಮೆರಿಕದಲ್ಲಿ ಆಹಾರ ಮತ್ತು ಔಷಧ ಶುದ್ಧತೆಯ ಕಾಯ್ದೆ ಬಂತು. ಅದಕ್ಕಾಗಿ ಹೋರಾಡಿದ ಹಾರ್ವಿ ವೈಲಿ ಕೃಷಿ ಇಲಾಖೆಯ ರಸಾಯನ ವಿಭಾಗದ ಮುಖ್ಯಸ್ಥರಾಗಿದ್ದರು. ಕಾಫಿ ಟೀಯಲ್ಲಿ ಕೆಫೀನ್ ತಾನಾಗಿಯೇ ಇರುತ್ತದೆ, ಕುಡಿಯುವ ದೊಡ್ಡವರಿಗೆ ಅದು ಗೊತ್ತಿರುತ್ತದೆ. ಆದರೆ ಮಕ್ಕಳೂ ಕುಡಿಯುವ ಸಿಹಿ ಪಾನೀಯಕ್ಕೆ ಅದನ್ನು ಸೇರಿಸುವುದು ಬೇರೆ ವಿಷಯ ಎಂಬುದು ಅವರ ವಾದ.

1909ರ ಅಕ್ಟೋಬರ್‌ನಲ್ಲಿ ಟೆನೆಸಿ ರಾಜ್ಯದ ಚಟ್ಟನೂಗಾಕ್ಕೆ ಹೋಗುತ್ತಿದ್ದ ಕೋಕಾ-ಕೋಲಾ ಪಾಕವನ್ನು ಸರ್ಕಾರ ಜಪ್ತಿ ಮಾಡಿತು. 40 ದೊಡ್ಡ ಪೀಪಾಯಿ, 20 ಸಣ್ಣ ಪೀಪಾಯಿ. ಜಪ್ತಿಯಾದ ಮಾಲಿನ ಮೇಲೆಯೇ ದಾವೆ ಹೂಡುವ ಪದ್ಧತಿ ಅಲ್ಲಿತ್ತು. ಹೀಗಾಗಿ ಕೇಸಿನ ಹೆಸರೇ “ಅಮೆರಿಕ ಸರ್ಕಾರ ವಿರುದ್ಧ ನಲವತ್ತು ಪೀಪಾಯಿ ಮತ್ತು ಇಪ್ಪತ್ತು ಸಣ್ಣ ಪೀಪಾಯಿ ಕೋಕಾ-ಕೋಲಾ”. ಆಗಿನ ಒಂದು ಗ್ಲಾಸಿನಲ್ಲಿ ಸುಮಾರು 78 ಮಿಲಿಗ್ರಾಂ ಕೆಫೀನ್ ಇತ್ತು. ಇದು ಹಾನಿಕರ, ಹೊರಗಿನಿಂದ ಸೇರಿಸಿದ ವಸ್ತು ಎಂದು ಸರ್ಕಾರ ಹೇಳಿತು.

ವಿಚಾರಣೆ 1911ರ ಮಾರ್ಚ್‌ನಲ್ಲಿ ಶುರುವಾಗಬೇಕಿತ್ತು. ಕಂಪನಿಯ ಕಡೆಯವರಿಗೆ ಆಗ ಒಂದು ಕೊರತೆ ಕಂಡಿತು. ಕೆಫೀನ್ ಮನುಷ್ಯರ ಮನಸ್ಸಿಗೆ, ನಡವಳಿಕೆಗೆ ಏನು ಮಾಡುತ್ತದೆ ಎಂಬುದಕ್ಕೆ ಅವರ ಕೈಯಲ್ಲಿ ಒಳ್ಳೆಯ ಪುರಾವೆ ಇರಲಿಲ್ಲ. ಹೆಸರಾಂತ ಮನೋವಿಜ್ಞಾನಿಯೊಬ್ಬರನ್ನು ಕೇಳಿದರು, ಅವರು ಒಪ್ಪಲಿಲ್ಲ. ಕಂಪನಿಯ ಹಣ ತೆಗೆದುಕೊಂಡು ಪರೀಕ್ಷೆ ಮಾಡಿದರೆ ಹೆಸರು ಕೆಡುತ್ತದೆ ಎಂಬ ಅಳುಕು ಆಗಲೂ ಇತ್ತು. ಕೊನೆಗೆ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಯುವ ಅಧ್ಯಾಪಕ ಹ್ಯಾರಿ ಹಾಲಿಂಗ್‌ವರ್ತ್ ಒಪ್ಪಿದರು. ಅವರಿಗೆ ಹಣದ ಅಗತ್ಯ ಇತ್ತು. ಆದರೂ ಷರತ್ತು ಹಾಕಿದರು. ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಹಕ್ಕು ತನ್ನದು, ಜಾಹೀರಾತಿಗೆ ತನ್ನ ಹೆಸರಾಗಲಿ ಫಲಿತಾಂಶವಾಗಲಿ ಬಳಸಬಾರದು.

ನಲವತ್ತು ದಿನದ ಪರೀಕ್ಷೆ

ಮ್ಯಾನ್‌ಹಟನ್‌ನಲ್ಲಿ ಆರು ಕೋಣೆಯ ಮನೆ ಬಾಡಿಗೆಗೆ ಹಿಡಿದರು. 10 ಗಂಡಸರು, 6 ಹೆಂಗಸರು. ದಿನನಿತ್ಯದ ಪರೀಕ್ಷೆಗಳ ಉಸ್ತುವಾರಿ ಹಾಲಿಂಗ್‌ವರ್ತ್ ಅವರ ಪತ್ನಿ ಲೀಟಾ ಅವರದು. ಕೆಲವು ಕ್ಯಾಪ್ಸೂಲಿನಲ್ಲಿ ಕೆಫೀನ್, ಕೆಲವದರಲ್ಲಿ ಬರೀ ಹಾಲಿನ ಸಕ್ಕರೆ. ಯಾವುದರಲ್ಲಿ ಏನಿದೆ ಎಂದು ನುಂಗುವವರಿಗೂ ಗೊತ್ತಿಲ್ಲ, ಪರೀಕ್ಷೆ ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. ಇಂದು ಹೊಸ ಔಷಧ ಪರೀಕ್ಷಿಸುವಾಗ ಕಡ್ಡಾಯ ಎನ್ನುವ ಈ ಎಚ್ಚರಿಕೆಯನ್ನು ಅವರು 1911ರಲ್ಲೇ ಪಾಲಿಸಿದರು. 40 ದಿನ ಲೆಕ್ಕ ಮಾಡುವ ವೇಗ, ಕೈಯ ಸ್ಥಿರತೆ, ಟೈಪಿಂಗ್, ಎಲ್ಲವನ್ನೂ ಅಳೆದರು. ಜೊತೆಗೆ ಪ್ರತಿದಿನ ಒಂದು ಪ್ರಶ್ನೆ: ರಾತ್ರಿ ನಿದ್ದೆ ಹೇಗಿತ್ತು?

ಫಲಿತಾಂಶ ಒಂದೇ ಮಾತಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಕೆಫೀನ್ ತೆಗೆದುಕೊಂಡವರ ಕೆಲಸದ ವೇಗ ಹೆಚ್ಚಿತು. ಸ್ವಲ್ಪ ಪ್ರಮಾಣದಲ್ಲಿ ತೆಗೆದುಕೊಂಡಾಗ ಹೆಚ್ಚಿನವರ ನಿದ್ದೆ ಕೆಡಲಿಲ್ಲ. ಪ್ರಮಾಣ 6 ಗ್ರೇನ್, ಅಂದರೆ ಸುಮಾರು 390 ಮಿಲಿಗ್ರಾಂ ದಾಟಿದಾಗ ಬಹುತೇಕರ ನಿದ್ದೆ ಕೆಟ್ಟಿತು. ಎಲ್ಲರಿಗೂ ಒಂದೇ ರೀತಿಯೂ ಆಗಲಿಲ್ಲ. ಮೈತೂಕ ಕಡಿಮೆ ಇದ್ದವರಿಗೆ ಪೆಟ್ಟು ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಜಾಸ್ತಿ. ದಿನಾ ಬಿಡದೆ ತೆಗೆದುಕೊಂಡರೂ ಜಾಸ್ತಿ.

ಈ ಮೂರು ಮಾತನ್ನು ನೆನಪಿಡಿ. ಮೈತೂಕ, ಖಾಲಿ ಹೊಟ್ಟೆ, ದಿನಾ. ಮುಂದೆ ಬೇಕಾಗುತ್ತದೆ.

ಇಷ್ಟೆಲ್ಲ ಆದಮೇಲೂ ಆ ನ್ಯಾಯಾಲಯ ಕೆಫೀನ್ ಒಳ್ಳೆಯದೋ ಕೆಟ್ಟದೋ ಎಂದು ತೀರ್ಮಾನಿಸಲೇ ಇಲ್ಲ. ಕೆಫೀನ್ ಆ ಪಾನೀಯದ ಮೂಲ ಭಾಗವೇ ಆಗಿದೆ, ಸೇರಿಸಿದ ವಸ್ತು ಅಲ್ಲ ಎಂದು ನ್ಯಾಯಾಧೀಶರು ಕೇಸು ಮುಗಿಸಿದರು. ಸರ್ಕಾರ ಮೇಲ್ಮನವಿ ಹೋಯಿತು. 1916ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ವಿಚಾರಣೆಗೆ ಮತ್ತೆ ಕಳಿಸಿತು. ಕೊನೆಗೆ ರಾಜಿಯಾಯಿತು. ಕಂಪನಿ ಖರ್ಚು ಕಟ್ಟಿತು, ಕೆಫೀನ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿತು. ಇಂದು ಅಮೆರಿಕದ 355 ಮಿಲಿಲೀಟರ್ ಕೋಕ್ ಕ್ಯಾನಿನಲ್ಲಿರುವುದು ಸುಮಾರು 34 ಮಿಲಿಗ್ರಾಂ.

ನಮ್ಮ ದೇಶದ ಕೋಲಾ, ಮೈಸೂರಿನ ಕೈವಾಡ

ನಮ್ಮಲ್ಲಿಗೆ ಬರೋಣ. 1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ. ಕೈಗಾರಿಕಾ ಮಂತ್ರಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಿದೇಶಿ ಕಂಪನಿಗಳು ತಮ್ಮ ಪಾಲನ್ನು 40 ಶೇಕಡಾಕ್ಕೆ ಇಳಿಸಬೇಕೆಂಬ ಕಾನೂನನ್ನು ಒಪ್ಪದೆ ಕೋಕಾ-ಕೋಲಾ ದೇಶ ಬಿಟ್ಟಿತು. ಆಗ ಸರ್ಕಾರವೇ ತಂದ ಪಾನೀಯ “ಡಬಲ್ ಸೆವೆನ್”. 77ನೇ ಇಸವಿಯ ನೆನಪಿಗೆ ಆ ಹೆಸರು. ಅದರ ಪಾಕ ತಯಾರಾದದ್ದು ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ. ಡಬಲ್ ಸೆವೆನ್ ಹೆಚ್ಚು ದಿನ ಬಾಳಲಿಲ್ಲ. ಥಮ್ಸ್ ಅಪ್, ಕ್ಯಾಂಪಾ ಕೋಲಾ ಮಾರುಕಟ್ಟೆ ಹಿಡಿದವು. 1990ರಲ್ಲಿ ಪೆಪ್ಸಿ ಬಂತು, 1993ರಲ್ಲಿ ಕೋಕಾ-ಕೋಲಾ ಮರಳಿ ಬಂತು. ನಡುವೆ ಪುತ್ತೂರಿನ ಬಿಂದು ಜೀರಾದಂಥ ನಮ್ಮದೇ ಊರಿನ ಪಾನೀಯಗಳೂ ಹುಟ್ಟಿಕೊಂಡವು.

ಪ್ಲಾಸ್ಟಿಕ್ ಬಾಟಲಿ ಬಂದಮೇಲೆ ಕುಡಿಯುವ ರೀತಿಯೇ ಬದಲಾಯಿತು. ಗೋಲಿ ಸೋಡಾ ಕುಡಿದರೆ ಅಲ್ಲೇ ನಿಂತು ಕುಡಿದು ಬಾಟಲಿ ವಾಪಸ್ ಕೊಡಬೇಕಿತ್ತು. ಈಗ ಎರಡು ಲೀಟರ್ ಬಾಟಲಿ ಮನೆಗೆ ಬರುತ್ತದೆ. ರಾತ್ರಿ ಊಟದ ಜೊತೆ, ಟಿವಿ ಮುಂದೆ, ಮಲಗುವ ಮುಂಚೆ ಖಾಲಿಯಾಗುತ್ತದೆ.

ಯಂತ್ರ ಅಳೆದಾಗ ಸಿಕ್ಕ ಸತ್ಯ

ಹಾಲಿಂಗ್‌ವರ್ತ್ ಪರೀಕ್ಷೆಗೆ ಒಂದು ಮಿತಿ ಇತ್ತು. ನಿದ್ದೆ ಹೇಗಿತ್ತು ಎಂದು ಜನರನ್ನೇ ಕೇಳಬೇಕಿತ್ತು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಧಾನವನ್ನು ಜರ್ಮನಿಯ ಹಾನ್ಸ್ ಬರ್ಗರ್ ಪ್ರಕಟಿಸಿದ್ದು 1929ರಲ್ಲಿ. ಅದಾದ ಮೇಲೆಯೇ ನಿದ್ದೆಯನ್ನು ಯಂತ್ರದಿಂದ ಅಳೆಯುವುದು ಸಾಧ್ಯವಾಯಿತು.

ಕೆಫೀನ್ ಮಾಡುವ ಕೆಲಸವೂ ಕ್ರಮೇಣ ತಿಳಿಯಿತು. ನಾವು ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತರೆ ನಮಗೆ ತೂಕಡಿಕೆ. ಕೆಫೀನ್ ಆ ಜಾಗದಲ್ಲಿ ಮೊದಲೇ ಹೋಗಿ ಕೂತುಬಿಡುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ದಣಿವು ಎಲ್ಲೂ ಹೋಗಿರುವುದಿಲ್ಲ, ಬಾಗಿಲ ಹೊರಗೆ ನಿಂತಿರುತ್ತದೆ. ಕೆಫೀನ್ ಇಳಿದಾಗ ಒಟ್ಟಿಗೆ ಒಳಗೆ ನುಗ್ಗುತ್ತದೆ. ರಾತ್ರಿ ಗಾಡಿ ಓಡಿಸುವವರು ಇದನ್ನು ಗಮನಿಸಬೇಕು. ಒಂದು ಬಾಟಲಿ ಕುಡಿದೆ, ಇನ್ನು ಬೆಳಗಿನವರೆಗೆ ಚಿಂತೆ ಇಲ್ಲ ಎನ್ನುವ ಲೆಕ್ಕ ಸ್ಟೇರಿಂಗ್ ಮೇಲೆ ಕೈಕೊಡುತ್ತದೆ. ತೂಕಡಿಕೆಗೆ ಔಷಧ ಗಾಡಿ ಬದಿಗೆ ನಿಲ್ಲಿಸಿ ಮಲಗುವುದೇ.

2013ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ನಡೆಯಿತು. ಚೆನ್ನಾಗಿ ನಿದ್ದೆ ಮಾಡುವ 12 ಮಂದಿಗೆ 400 ಮಿಲಿಗ್ರಾಂ ಕೆಫೀನ್ ಕೊಟ್ಟರು. ಒಂದು ಸಲ ಮಲಗುವ ಹೊತ್ತಿಗೆ, ಒಂದು ಸಲ 3 ಗಂಟೆ ಮೊದಲು, ಒಂದು ಸಲ 6 ಗಂಟೆ ಮೊದಲು. ಆರು ಗಂಟೆ ಮೊದಲು ತೆಗೆದುಕೊಂಡಾಗಲೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಡಿಮೆಯಾಗಿದ್ದನ್ನು ಯಂತ್ರ ತೋರಿಸಿತು. ಆದರೆ ಅವರವರು ಬರೆದ ದಿನಚರಿಯಲ್ಲಿ ಅಂಥ ನಷ್ಟ ಸರಿಯಾಗಿ ಕಾಣಲಿಲ್ಲ. ನಿದ್ದೆ ಹೋಗಿತ್ತು, ಹೋದದ್ದು ಅವರಿಗೇ ಗೊತ್ತಿರಲಿಲ್ಲ.

“ನನಗೆ ಎಷ್ಟು ಕುಡಿದರೂ ನಿದ್ದೆ ಬರುತ್ತದೆ” ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಈ ಪರೀಕ್ಷೆಯನ್ನು ಹೇಳಬೇಕು. ಕಣ್ಣು ಮುಚ್ಚಿದ ಮಾತ್ರಕ್ಕೆ ನಿದ್ದೆ ಪೂರ್ತಿ ಆಯಿತು ಎಂದಲ್ಲ.

ಕೆಫೀನ್ ಇಲ್ಲದಿದ್ದರೆ?

ಸಾದಾ ಸೋಡಾ, ನಿಂಬೆ ಸೋಡಾದಲ್ಲಿ ಕೆಫೀನ್ ಇಲ್ಲ. ಹಾಗಾದರೆ ಮಲಗುವ ಮುಂಚೆ ಎಷ್ಟು ಬೇಕಾದರೂ ಕುಡಿಯಬಹುದೇ? ಅದೂ ಅಲ್ಲ. ಗ್ಯಾಸ್ ಹೊಟ್ಟೆಯನ್ನು ಉಬ್ಬಿಸುತ್ತದೆ. ಆಗ ಮಲಗಿದರೆ ಹೊಟ್ಟೆಯ ಹುಳಿ ಅನ್ನನಾಳಕ್ಕೆ ಮೇಲೇರಬಹುದು. ಎದೆಯುರಿ, ಹುಳಿತೇಗು, ನಡುರಾತ್ರಿ ಎಚ್ಚರ. 2005ರಲ್ಲಿ ಪ್ರಕಟವಾದ, ಅಮೆರಿಕದ 15,000ಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನವೊಂದು ರಾತ್ರಿ ಎದೆಯುರಿಯ ಜೊತೆ ಕಂಡುಬರುವ ಸಂಗತಿಗಳನ್ನು ಪಟ್ಟಿ ಮಾಡಿತು. ದಪ್ಪ ಮೈಯ ಜೊತೆಗೆ ಗ್ಯಾಸಿನ ಕೂಲ್ ಡ್ರಿಂಕ್ ಕೂಡ ಆ ಪಟ್ಟಿಯಲ್ಲಿತ್ತು.

ಸಕ್ಕರೆಯದೂ ಒಂದು ಪಾತ್ರ. ಸಾಮಾನ್ಯ ಕೋಲಾದ 100 ಮಿಲಿಲೀಟರಿಗೆ 10 ಗ್ರಾಂ ಹೆಚ್ಚುಕಡಿಮೆ ಸಕ್ಕರೆ. 2016ರ ಒಂದು ಸಣ್ಣ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ತಿಂದ ದಿನ ನಿದ್ದೆ ನಡುನಡುವೆ ಹೆಚ್ಚು ಮುರಿದದ್ದು ಕಂಡಿತು. ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ತೊಂದರೆ. ರಕ್ತದಲ್ಲಿ ಸಕ್ಕರೆ ಏರಿದರೆ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳಬೇಕು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಡಿಮೆ ನಿದ್ದೆ ಮಾಡುವವರು ಸಿಹಿ ಕೂಲ್ ಡ್ರಿಂಕ್ ಹೆಚ್ಚು ಕುಡಿಯುತ್ತಾರೆ ಎಂದು 2016ರ ಅಮೆರಿಕದ ಇನ್ನೊಂದು ದೊಡ್ಡ ಅಧ್ಯಯನ ಹೇಳಿತು. ಕುಡಿದದ್ದರಿಂದ ನಿದ್ದೆ ಕೆಟ್ಟಿತೇ, ನಿದ್ದೆ ಕೆಟ್ಟದ್ದರಿಂದ ಮರುದಿನ ಕುಡಿದರೇ ಎಂದು ಅಂಥ ಅಧ್ಯಯನದಿಂದ ಬೇರ್ಪಡಿಸಿ ಹೇಳಲಾಗದು. ಎರಡೂ ಒಂದಕ್ಕೊಂದು ಎಳೆದುಕೊಂಡು ಹೋಗುವ ಸಾಧ್ಯತೆ ಇದೆ. ರಾತ್ರಿ ಓದಿ, ಹಗಲು ತೂಕಡಿಸಿ, ಮತ್ತೆ ಸಂಜೆ ಬಾಟಲಿ ತೆಗೆಯುವ ಮಕ್ಕಳಲ್ಲಿ ಈ ಸುತ್ತು ಸುಲಭವಾಗಿ ಕಾಣುತ್ತದೆ.

ಲೇಬಲ್ ಮೇಲಿನ ಲೆಕ್ಕ

ಈಗ 1911ರ ಆ ಮೂರು ಮಾತಿಗೆ ಬರೋಣ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಎನರ್ಜಿ ಡ್ರಿಂಕ್‌ಗಳು “ಕೆಫಿನೇಟೆಡ್ ಬೆವರೇಜ್” ಎಂಬ ಗುಂಪಿಗೆ ಬರುತ್ತವೆ. ಅವುಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. ಮಕ್ಕಳಿಗೆ, ಬಸುರಿಯರಿಗೆ, ಹಾಲುಣಿಸುವ ತಾಯಂದಿರಿಗೆ ಸೂಕ್ತವಲ್ಲ ಎಂದು ಬಾಟಲಿಯ ಮೇಲೆ ಬರೆದಿರಬೇಕು. ಬರೆದಿರುತ್ತದೆ ಕೂಡ. ಆದರೆ ಅಕ್ಷರ ಸಣ್ಣದು, ಹೆಚ್ಚಾಗಿ ಇಂಗ್ಲಿಷ್.

300ರ ಲೆಕ್ಕದಲ್ಲಿ 250 ಮಿಲಿಲೀಟರ್ ಬಾಟಲಿಯಲ್ಲಿ 75 ಮಿಲಿಗ್ರಾಂ. ಚಟ್ಟನೂಗಾದಲ್ಲಿ ಸರ್ಕಾರ ಕೋರ್ಟಿಗೆ ಎಳೆದ ಒಂದು ಗ್ಲಾಸಿನಲ್ಲಿ ಇದ್ದದ್ದು ಸುಮಾರು 78. ನೂರು ವರ್ಷ ದಾಟಿ ನಾವು ಹೆಚ್ಚುಕಡಿಮೆ ಅದೇ ಗ್ಲಾಸಿನ ಎದುರು ನಿಂತಿದ್ದೇವೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮಕ್ಕಳಿಗೆ ದಿನಕ್ಕೆ ಮೈತೂಕದ ಕಿಲೋಗೆ 3 ಮಿಲಿಗ್ರಾಂ ಎಂಬ ಅಳತೆ ಕೊಟ್ಟಿತು. 25 ಕಿಲೋ ತೂಗುವ ಮಗುವಿಗೆ 75. ಅಂದರೆ ಒಂದು ಸಣ್ಣ ಬಾಟಲಿಯಲ್ಲೇ ಆ ದಿನದ ಲೆಕ್ಕ ಮುಗಿಯಿತು. ಮೇಲೆ ಟೀ ಕುಡಿದರೆ ದಾಟಿತು. ದೊಡ್ಡವರಿಗೂ ಮಲಗುವ ಹೊತ್ತಿಗೆ ಹತ್ತಿರದಲ್ಲಿ 100 ಮಿಲಿಗ್ರಾಂ ತೆಗೆದುಕೊಂಡರೆ ಕೆಲವರ ನಿದ್ದೆ ಕೆಡಬಹುದು ಎಂದು ಅದೇ ಸಂಸ್ಥೆ ಹೇಳಿದೆ.

ಸಮಯದ ಲೆಕ್ಕವೂ ಸುಲಭ. ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ 5 ಗಂಟೆ ಬೇಕು. ಕೆಲವರಿಗೆ ಬೇಗ, ಕೆಲವರಿಗೆ ತಡ, ಬಸುರಿಯರಿಗೆ ಬಹಳ ತಡ. ಸಂಜೆ 6ಕ್ಕೆ 75 ಮಿಲಿಗ್ರಾಂ ಕುಡಿದರೆ ರಾತ್ರಿ 11ಕ್ಕೆ ಇನ್ನೂ 37ರಷ್ಟು ಉಳಿದಿರುತ್ತದೆ. ಮಲಗುವಾಗ ಒಂದು ಕ್ಯಾನ್ ಕೋಲಾ ಕುಡಿದಷ್ಟು.

ಕಾಫಿ ಟೀಯಲ್ಲೂ ಕೆಫೀನ್ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಒಂದು ಲೋಟ ಗಟ್ಟಿ ಫಿಲ್ಟರ್ ಕಾಫಿಯಲ್ಲಿ ಕೋಲಾಗಿಂತ ಹೆಚ್ಚೇ ಇರುತ್ತದೆ. ಆದರೆ ಬಿಸಿ ಕಾಫಿಯನ್ನು ಯಾರೂ ಗಟಗಟ ಕುಡಿಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಮೂರನೇ ಕ್ಲಾಸಿನ ಮಗುವಿಗೆ ಕಾಫಿ ಕೊಡಲು ಯಾವ ಅಜ್ಜಿಯೂ ಬಿಡುವುದಿಲ್ಲ. ಸಿಹಿ, ತಣ್ಣನೆಯ, ಬಣ್ಣದ ಬಾಟಲಿಗೆ ಆ ಅಡ್ಡಗಾಲು ಇಲ್ಲ. ಹಾರ್ವಿ ವೈಲಿ ಅಂದು ಹೇಳಲು ಹೊರಟದ್ದೂ ಇದನ್ನೇ.

ಹಾಗೆಂದು ಜಾತ್ರೆಯಲ್ಲಿ ಒಂದು ಸೋಡಾ ಕುಡಿಯಬೇಡಿ ಎಂದು ನಾವು ಹೇಳುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕುಡಿಯುವ ನಿಂಬೆ ಸೋಡಾ ರಾತ್ರಿ ನಿದ್ದೆಗೆ ಅಡ್ಡ ಬರುವುದಿಲ್ಲ. ಕೆಫೀನ್ ಇರುವ ಬಾಟಲಿಯನ್ನು ಮಧ್ಯಾಹ್ನದ ನಂತರ ಮುಟ್ಟದಿರುವುದು, ಗ್ಯಾಸಿನದ್ದೇನನ್ನೂ ಮಲಗುವ ಎರಡು ಮೂರು ಗಂಟೆ ಮೊದಲು ನಿಲ್ಲಿಸುವುದು, ಮಕ್ಕಳ ಕೈಗೆ ಎನರ್ಜಿ ಡ್ರಿಂಕ್ ಕೊಡದಿರುವುದು, ಇಷ್ಟಾದರೆ ಬಹುಪಾಲು ಮುಗಿಯಿತು. ಇಷ್ಟು ಮಾಡಿಯೂ ತಿಂಗಳುಗಟ್ಟಲೆ ನಿದ್ದೆ ಬರದಿದ್ದರೆ, ಜೋರು ಗೊರಕೆ, ದಿನಾ ಎದೆಯುರಿ ಇದ್ದರೆ ಕಾರಣ ಬಾಟಲಿಯಲ್ಲಿ ಇಲ್ಲದಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ.

ಮುಂದಿನ ಸಲ ಅಂಗಡಿಯಲ್ಲಿ ಬಾಟಲಿ ತೆಗೆದಾಗ ಅದನ್ನು ತಿರುಗಿಸಿ ಹಿಂಬದಿ ಓದಿ. ಓದಲು ಬಾರದಿದ್ದರೆ ಮನೆಯ ಹೈಸ್ಕೂಲು ಮಕ್ಕಳ ಕೈಲಿ ಓದಿಸಿ, ಕೆಫೀನ್ ಎಷ್ಟಿದೆ ಎಂದು ಕೇಳಿ. ಅವರಿಗೂ ಗೊತ್ತಾದಂತಾಗುತ್ತದೆ.